ಮೊದಲ ಸವಾರಿ

ಮೂರು ವರ್ಷಗಳಲ್ಲಿ ವಸುಮತಿ ಆ ಮನರಂಜನಾ ಪಾರ್ಕಿನವರಿಗೆ ಹದಿನೇಳು ಕಾಗದ ಬರೆದಿದ್ದಳು. ಗಾಲಿಕುರ್ಚಿಯವರು ಜೈಂಟ್ ವೀಲ್ ಹತ್ತುವಂತಿಲ್ಲವೆಂದು ಗೇಟಿನವನು ಅವಳನ್ನು ತಡೆದ ದಿನ ಶುರುವಾದ ಜಗಳ ಅದು. "ನಾವೇನು ಮನುಷ್ಯರಲ್ಲವೇ?" ಎಂದು ಪ್ರತಿ ಕಾಗದದಲ್ಲೂ ಕೇಳಿದ್ದಳು. ಆ ಸಾಲು ಬರೆದಾಗಲೆಲ್ಲ ಅವಳಿಗೆ ತನ್ನ ಬಗ್ಗೆ ತನಗೇ ಬಹಳ ಗೌರವ ಹುಟ್ಟುತ್ತಿತ್ತು.

ಕೊನೆಗೆ ಪಾರ್ಕಿನವರೇ ಸೋತರು. ಇಳಿಜಾರು ಕಟ್ಟಿಸಿ, ಒಂದು ತೊಟ್ಟಿಲಿನ ಬಾಗಿಲನ್ನು ಅಗಲ ಮಾಡಿಸಿ, ಮೊದಲ ಸವಾರಿಗೆ ಅವಳನ್ನೇ ಕರೆದರು. ಹೂವಿನ ಹಾರ ಬಂತು, ಫೋಟೋದವರು ಬಂದರು.

ವಸುಮತಿ ಟೇಪು ಹಿಡಿದು ಇಳಿಜಾರನ್ನು ಅಳೆದಳು. ಸರಿಯಾಗಿತ್ತು. ಬಾಗಿಲಿನ ಅಗಲ ನೋಡಿದಳು, ಅದೂ ಸರಿಯಾಗಿತ್ತು. ಬೆಲ್ಟನ್ನು ನಾಲ್ಕು ಸಲ ಜಗ್ಗಿದಳು; ಒಂದು ನೂಲೂ ಬಿಚ್ಚಲಿಲ್ಲ. "ಎಷ್ಟು ಕಟ್ಟುನಿಟ್ಟು ನೋಡ್ರೀ!" ಎಂದು ಸುತ್ತ ನಿಂತವರು ಮೆಚ್ಚಿಕೊಂಡರು.

"ಇನ್ನೇನಾದ್ರೂ ಕೊರತೆ ಇದ್ರೆ ಹೇಳಿ ಮೇಡಂ, ಇವತ್ತೇ ಸರಿ ಮಾಡಿಸ್ತೀನಿ," ಎಂದು ಮ್ಯಾನೇಜರ್ ಕೈ ಮುಗಿದರು.

ಅವಳು ಕತ್ತೆತ್ತಿ ತೊಟ್ಟಿಲು ಹೋಗಿ ಮುಟ್ಟುವ ತುದಿಯನ್ನು ನೋಡಿದಳು. ಫೋಟೋದವರ ಕಡೆಗೆ ನಗುತ್ತಲೇ ಮ್ಯಾನೇಜರನ್ನು ಹತ್ತಿರ ಕರೆದು, ಅವರ ಕಿವಿಯಲ್ಲಿ ಪಿಸುಗುಟ್ಟಿದಳು:

"ಕೊರತೆ ನಿಮ್ಮದಲ್ಲ ಸಾರ್. ನಂಗೆ ಚಿಕ್ಕಂದಿನಿಂದ್ಲೂ ಎತ್ತರ ಅಂದ್ರೆ ಜೀವಭಯ. ಇಷ್ಟು ದಿನ ನೀವೇ ಹತ್ತಬೇಡಿ ಅಂತಿದ್ರಲ್ಲ, ನಾನು ಹೇಳೋ ಪ್ರಮೇಯವೇ ಬಂದಿರ್ಲಿಲ್ಲ!"