ಹಗುರವಾದ ಚೀಲ

“ಎರಡು ದಿನ ಸಮುದ್ರ ನೋಡಿ ಬರೋಕೆ ಇಷ್ಟೊಂದು ಹೊರೆ ಯಾಕೆ? ಹಗುರವಾಗಿ ಹೊರಡೋದು ಕಲಿ,” ಎನ್ನುತ್ತಾ ಗಂಡ ಅವಳ ಚೀಲದಿಂದ ಒಂದೊಂದೇ ಬಟ್ಟೆ ತೆಗೆದು ಮಂಚದ ಮೇಲೆಸೆದ.

“ಆ ಸೀರೆ ಇರಲಿ ರೀ. ವಾಪಸ್ ಬರೋವಾಗ ಉಡೋಣ ಅಂತ ಇಟ್ಟಿದ್ದೆ.”

“ವಾಪಸ್ ಬರೋ ಮಾತು ಈಗ್ಯಾಕೆ?” ಎಂದು ನಕ್ಕ.

ಅವನ ಮೊದಲ ಹೆಂಡತಿ ಹೀಗೇ ಎರಡು ದಿನಕ್ಕೆಂದು ಅವನ ಜೊತೆ ಹೋಗಿ ಸಮುದ್ರದ ಪಾಲಾಗಿದ್ದಳು. ಆ ಸೊಸೆಯ ಫೋಟೋಗೆ ಅತ್ತೆ ಇಂದಿಗೂ ಹೂವಿಡುತ್ತಿದ್ದರು. ಅತ್ತೆ ಬಲು ಶಾಸ್ತ್ರದವರು. ಮಗ ಪೇಟೆಗೆ ಹೊರಟರೂ ಅವನು ತಲುಪುವವರೆಗೆ ಮನೆಯಲ್ಲಿ ಯಾರಿಗೂ ಪೊರಕೆ ಮುಟ್ಟಗೊಡುತ್ತಿರಲಿಲ್ಲ. ಹೊರಟವರ ಬೆನ್ನಿಗೇ ಗುಡಿಸುವುದು ಹೆಣ ಎತ್ತಿದ ಮನೆಯಲ್ಲಿ ಮಾತ್ರ ಎನ್ನುತ್ತಿದ್ದರು.

ಗಂಡ ಕಾರು ತೆಗೆಯಲು ಹೋದದ್ದೇ ತಡ, ಅವಳು ಅಡುಗೆಮನೆಗೆ ಓಡಿದಳು.

“ಅತ್ತೆ, ನಂಗೆ ಭಯ ಆಗ್ತಿದೆ. ನಾನು ಹೋಗಲ್ಲ.”

ಅತ್ತೆ ಬುತ್ತಿಯ ಡಬ್ಬಿಗೆ ಮುಚ್ಚಳ ಬಿಗಿದು ಅವಳ ಕೈಗಿಟ್ಟರು. “ಹೆದರಬೇಡ, ಹೋಗು. ಅಲ್ಲಿ ಇಳಿದ ತಕ್ಷಣ ಇದನ್ನ ಅವನಿಗೆ ಕೊಡು. ಖಾರ ಜಾಸ್ತಿ ಆಗಿದೆ, ನೀನು ಒಂದು ತುತ್ತೂ ಮುಟ್ಟಬೇಡ.”

ಕಾರು ಗೇಟು ದಾಟುವಾಗ ಅವಳು ತಿರುಗಿ ನೋಡಿದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮಗ ನಡೆದುಹೋದ ಅಂಗಳವನ್ನು ಹೊಸಿಲಿನಿಂದಲೇ ಗುಡಿಸತೊಡಗಿದ್ದರು.