ಕಿವಿಯಲ್ಲಿ ಹೇಳಿದ ಮಾತು

ಗಾದಿಲಿಂಗಪ್ಪ ತೀರಿಕೊಂಡ ಸುದ್ದಿ ಬಂದಾಗ, ದಲಾಲಿ ವೆಂಕಣ್ಣ ಸಿರುಗುಪ್ಪದಲ್ಲಿ ಇನ್ನೂರು ಚೀಲ ಭತ್ತವನ್ನು ತನ್ನ ಹೆಸರಿಗೇ ಕೊಂಡಿದ್ದ. ತಮ್ಮ ಅಕ್ಕಿ ಗಿರಣಿಗೆ ಸಾವಿರ ಚೀಲ ಬೇಕೆಂದು ಗಾದಿಲಿಂಗಪ್ಪ ಹಿಂದಿನ ದಿನವಷ್ಟೇ ಅವನ ಕಿವಿಯಲ್ಲಿ ಹೇಳಿದ್ದರು. ಅಷ್ಟು ದೊಡ್ಡ ಖರೀದಿಗೆ ದರ ಏರುತ್ತದೆ. ಏರಿದ ಮೇಲೆ ತನ್ನ ಚೀಲಗಳನ್ನೂ ಅವರಿಗೇ ಮಾರುವುದು ವೆಂಕಣ್ಣನ ಹಳೆಯ ರೂಢಿ.

ವೆಂಕಣ್ಣ ಬಂದಾಗ, ಕುರುಗೋಡಿನ ಅವರ ಮನೆಯಲ್ಲಿ ಶವವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. "ನಾ ಫೋನಿನ್ಯಾಗ ಕ್ರಿಪ್ಟೊ ಕೊಂಡ್ರ ಮಾವಾರು ನಗ್ತಿದ್ರು," ಎಂದ ಅಳಿಯ ಸಂಗಮೇಶ್. "ಅಲ್ಲಿ ನಮ್ಮ ಆರ್ಡರ್ ಪೂರಾ ಆಗೂದ್ರೊಳಗ ಎಲ್ಲಾರಿಗೂ ಕಾಣ್ತೈತಿ. ಯಾರೋ ಹೆಚ್ಚು ಫೀ ಕೊಟ್ಟು ಮುಂದ ಕೊಂಡು, ದರ ಏರಿಸಿ ನಮಗ ಮಾರ್ತಾರ. ಮಾವಾರು 'ನಾ ವೆಂಕಣ್ಣನ ಕಿವ್ಯಾಗ ಹೇಳಿದ್ದು ಗಾಳಿಗೂ ಕೇಳೂದಿಲ್ಲಪಾ' ಅಂತಿದ್ರು."

ವಿಭೂತಿ ಹಚ್ಚಲು ಚಾಚಿದ್ದ ವೆಂಕಣ್ಣನ ಕೈ ನಿಂತಿತು. "ಅಕ್ಕಾ, ಅವರಿಗಿಂತ ಮುಂದ ನಾನ ಕೊಳ್ತಿದ್ದೆ. ಇವತ್ತೂ ಕೊಂಡೀನಿ."

ಗಾದಿಲಿಂಗಪ್ಪನವರ ಹೆಂಡತಿ ಚನ್ನವೀರಮ್ಮ ಅವನನ್ನೇ ನೋಡಿದರು. "ನನಗ್ಯಾಕ ಹೇಳ್ತಿ ತಮ್ಮಾ? ಅವರ ಕಿವ್ಯಾಗ ಹೇಳು."

ವೆಂಕಣ್ಣ ಬಾಗಿ, ತಣ್ಣಗಾಗಿದ್ದ ಆ ಕಿವಿಯಲ್ಲಿ ಎಲ್ಲವನ್ನೂ ಹೇಳಿದ. ಆಮೇಲೆ ಹಣೆಗೆ ವಿಭೂತಿ ಹಚ್ಚಿದ. ಶಿವನೇ, ನಂಬಿ ಬಾಳಿದ ಈ ಜೀವಕ್ಕೆ ನಿನ್ನ ಪಾದದಲ್ಲಿ ಶಾಂತಿ ಕೊಡು.