ಪ್ರಶಸ್ತಿ ಮನೆಯ ಬಚ್ಚಲು

ಮೈಸೂರಿನಿಂದ ಮಗಳ ಮನೆಗೆ ಬಂದ ಲಲಿತಮ್ಮ ಮೂರು ದಿನವಾದರೂ ಸ್ನಾನ ಮಾಡಿರಲಿಲ್ಲ. ಸ್ನಾನವಾಗದೆ ಅನ್ನ ಮುಟ್ಟುವವರಲ್ಲ ಅವರು. ಹಾಲು, ಬಾಳೆಹಣ್ಣಿನಲ್ಲಿ ದಿನ ತಳ್ಳಿ, ಈಗ ಎದ್ದು ನಿಂತರೆ ತಲೆ ಸುತ್ತುತ್ತಿತ್ತು.

ಕಾರಣ ಇಷ್ಟೆ. ಅಮೆರಿಕದ ಆಸ್ಟಿನ್ನಿನ ಗುಡ್ಡದ ಮೇಲಿದ್ದ ಆ ಮನೆಯ ಬಚ್ಚಲಿಗೆ ಬಾಗಿಲಿರಲಿಲ್ಲ. 1987ರಲ್ಲಿ ಮನೆಗೆ ವಾಸ್ತುಶಿಲ್ಪದ ಪ್ರಶಸ್ತಿ ಬಂದದ್ದೇ ಅದಕ್ಕೆ. 'ಅಡೆತಡೆಯಿಲ್ಲದ ಬದುಕು' ಎಂದು ತೀರ್ಪುಗಾರರು ಹಾಡಿ ಹೊಗಳಿದ್ದರು. ಅಳಿಯ ಚನ್ನಕೇಶವ ಗೋಡೆಯ ಮೇಲಿನ ಫಲಕಕ್ಕೆ ಮರುಳಾಗಿ ಮನೆ ಕೊಂಡಿದ್ದ, ಕರಾರು ಓದುವ ಗೋಜಿಗೆ ಹೋಗಿರಲಿಲ್ಲ. ಏನು ಸೇರಿಸಬೇಕಾದರೂ ಬಡಾವಣೆಯ ಸಂರಕ್ಷಣಾ ಸಮಿತಿ ಒಪ್ಪಬೇಕು. ಬಾಗಿಲು ಕೇಳಿದ, ಒಪ್ಪಲಿಲ್ಲ. ಪರದೆ ಕೇಳಿದ. ಪರದೆಯೆಂದರೆ ಬಟ್ಟೆಯ ಬಾಗಿಲು ಎಂದು ಉತ್ತರ ಬಂತು.

"ನಾವಿಬ್ರೂ ಹೊರಗೆ ಹೋಗಿರ್ತೀವಮ್ಮ, ನೀನು ಸ್ನಾನ ಮಾಡ್ಕೋ," ಎಂದಳು ಮಗಳು ಉಷಾರಾಣಿ.

"ಬಾಗಿಲೇ ಇಲ್ಲದ ಮೇಲೆ ನೀವು ಒಳಗಿದ್ರೇನು, ಹೊರಗಿದ್ರೇನು? ಪ್ರಶಸ್ತಿ ಕೊಟ್ಟೋರು ಯಾರಾದ್ರೂ ಇಲ್ಲಿ ಸ್ನಾನ ಮಾಡಿದ್ರಾ, ಕೇಳು."

ನಾಲ್ಕನೆಯ ದಿನ ಬೆಳಿಗ್ಗೆ ಲಲಿತಮ್ಮ ತಾವೇ ಎದ್ದರು. ತಮ್ಮ ಒಂಬತ್ತು ಗಜದ ಸೀರೆಯನ್ನು ಅಡುಗೆಮನೆಯ ಸಿಂಕಿನಲ್ಲಿ ಜಾಲಿಸಿ, ಬಚ್ಚಲ ಮುಂದೆ ಹಗ್ಗ ಕಟ್ಟಿ ಹರವಿದರು. ಅದೇ ಹೊತ್ತಿಗೆ ಸಮಿತಿಯ ಮಾರ್ಥಾ ತಪಾಸಣೆಗೆ ಬಂದಳು. ಚನ್ನಕೇಶವ ಸೀರೆಗೆ ಅಡ್ಡ ನಿಂತ.

"ಇದು ಪರದೆ ಅಲ್ಲ, ಒಗೆದ ಬಟ್ಟೆ," ಎಂದು ಇಂಗ್ಲಿಷಿನಲ್ಲಿ ತಡವರಿಸಿದ.

ಮಾರ್ಥಾ ಸೀರೆಯಿಂದ ತೊಟ್ಟಿಕ್ಕುತ್ತಿದ್ದ ನೀರು ನೋಡಿದಳು. ಹತ್ತು ನಿಮಿಷ ನಿಯಮದ ಪುಸ್ತಕ ತಿರುವಿದಳು. "ಸರಿ. ಒದ್ದೆ ಇರುವವರೆಗೆ ಒಗೆದ ಬಟ್ಟೆ. ಒಣಗಿದರೆ ಪರದೆ," ಎಂದು ಬರೆದುಕೊಂಡು, ಒಣಗುವುದನ್ನೇ ಕಾಯುತ್ತಾ ಸೋಫಾದಲ್ಲಿ ಕೂತಳು.

ಲಲಿತಮ್ಮ ಒಳಗೆ ಹೋದರು. ನೀರು ಬೀಳುವ ಸದ್ದು ಕೇಳಿದ್ದೇ ಉಷಾರಾಣಿಗೆ ಅಳು ಬಂತು; ಕಣ್ಣೊರೆಸಿಕೊಂಡು ಅನ್ನಕ್ಕಿಟ್ಟಳು. ಮೂರು ದಿನದ ಸ್ನಾನ ಬೇಗ ಮುಗಿಯುವಂಥದ್ದಲ್ಲ. ಎ.ಸಿ. ಗಾಳಿಗೆ ಸೀರೆ ಮೇಲಿನಿಂದ ಒಣಗುತ್ತಾ ಬಂತು. ಚನ್ನಕೇಶವ ಆಫೀಸಿನ ಮೀಟಿಂಗನ್ನು ಮ್ಯೂಟ್ ಮಾಡಿ, ಗಿಡಕ್ಕೆ ನೀರು ಚಿಮುಕಿಸುವ ಬಾಟಲಿ ಹಿಡಿದು ಓಡಿದ. ಅತ್ತೆಯ ಮರ್ಯಾದೆಗೆಂದು ಬಚ್ಚಲಿಗೆ ಬೆನ್ನು ಮಾಡಿ ನಿಂತು, ಕಣ್ಣು ಮುಚ್ಚಿ, ಹೆಗಲ ಮೇಲಿಂದ ಹಿಂದಕ್ಕೆ ಚಿಮುಕಿಸತೊಡಗಿದ.

"ಅಳಿಯಂದ್ರೇ," ಒಳಗಿನಿಂದ ಲಲಿತಮ್ಮ ಹೇಳಿದರು, "ಎಡಗಡೆ ಅಂಚು ಒಣಗ್ತಾ ಇದೆ. ನೋಡದೆ ಸರಿಯಾಗಿ ಹಾಕಿ."